ಕೇಳದೆ ಒದ್ದ ಕಾಲು

ಯೂನಿಯನ್ ಸಿಟಿಯ ಬಾರ್ಟ್ ರೈಲು ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಈರವ್ವ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಏಳಕ್ಕೆಲ್ಲ ಕೆಳಗೆ ಒಂದೊಂದಾಗಿ ಕಾರುಗಳು ನಿಲ್ಲುತ್ತಿದ್ದವು. ಆಫೀಸಿನ ಬಟ್ಟೆ ತೊಟ್ಟ ತಾಯಿಯೋ ತಂದೆಯೋ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು, ಡೈಪರಿನ ಚೀಲ ಬಾಗಿಲ ಬಳಿ ಇಟ್ಟು, ಗಡಿಯಾರ ನೋಡುತ್ತಲೇ ಇಳಿದು ಹೋಗುತ್ತಿದ್ದರು. ನಾಲ್ಕು ಮನೆಯ ಐದು ಮಕ್ಕಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಅವಳು ಗದಗಿನ ಕನ್ನಡದಲ್ಲಿ ಏನು ಹೇಳಿದರೂ ಅವರಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದರಿಂದ ಇಬ್ಬರಿಗೂ ಏನೂ ತೊಂದರೆಯಾಗಿರಲಿಲ್ಲ.

ಈರವ್ವನ ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅವನು ತೀರಿಕೊಂಡಾಗ ಅವಳಿಗೆ ನಲವತ್ತು ದಾಟಿತ್ತು, ಮಕ್ಕಳಿರಲಿಲ್ಲ. ತಮ್ಮ ಸಿದ್ರಾಮಪ್ಪ ಫ್ರೀಮಾಂಟಿನಲ್ಲಿದ್ದ, ರಸ್ತೆ ಕೆಲಸದ ಎಂಜಿನಿಯರು. ಅವನ ಹೆಂಡತಿಯೂ ಕೆಲಸಕ್ಕೆ ಹೋಗುವವಳು. ಕೂಸಿಗೆ ಮೂರು ತಿಂಗಳಾದಾಗ ಅವನು ಅಕ್ಕನನ್ನು ಕರೆಸಿಕೊಂಡ. ಅದು ೧೯೭೭. ಆ ಕೂಸನ್ನೂ ಅದರ ಬೆನ್ನಿಗೆ ಹುಟ್ಟಿದ ಇನ್ನೊಂದನ್ನೂ ಶಾಲೆಗೆ ಹೋಗುವಷ್ಟು ದೊಡ್ಡವು ಮಾಡಿದ ಮೇಲೆ, ಸಿದ್ರಾಮಪ್ಪ ಅಗ್ಗಕ್ಕೆ ದೊಡ್ಡ ಮನೆ ಸಿಕ್ಕಿತೆಂದು ದೂರದ, ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್‌ಗೆ ಹೊರಟ. ಈರವ್ವ ಹೋಗಲಿಲ್ಲ.

"ಊರ ತುಂಬ ಬೆಳ್ಳುಳ್ಳಿ ಐತಿ, ಮಾತಾಡಾಕ ಒಬ್ಬರಿಲ್ಲ. ನಿನ್ನ ಹುಡುಗ್ರು ಈಗ ತಾವ ಉಣತಾರ, ತಾವ ಸಾಲಿಗೆ ಹೋಗತಾರ. ನಾ ಅಲ್ಲಿ ಬಂದು ಏನ್ ಮಾಡ್ಲಿ ಸಿದ್ದೂ? ನಂಗ ಸುಮ್ನ ಕುಂದರಾಕ ಬರೂದಿಲ್ಲ" ಎಂದಳು.

ಫ್ರೀಮಾಂಟಿನ ಪಕ್ಕದ ಯೂನಿಯನ್ ಸಿಟಿಯಲ್ಲಿ ಬಾಡಿಗೆಗೆ ಮನೆ ಹಿಡಿದಳು. ಹಾಗೆ ಶುರುವಾದದ್ದು ಅವಳ ಮನೆಯ ಡೇಕೇರು. ಅವಳ ಕೈಯ ರೊಟ್ಟಿ ತಿಂದವರು ಮರೆಯುತ್ತಿರಲಿಲ್ಲ. ಬಿಳಿಜೋಳದ ಹಿಟ್ಟು ಎಲ್ಲಿ ಸಿಗಬೇಕು? ಎರಡು ಬೀದಿ ಆಚೆ ಮೆಕ್ಸಿಕೋದವರ ಅಂಗಡಿಯಲ್ಲಿ ಗೋವಿನಜೋಳದ ನುಣುಪು ಹಿಟ್ಟು ಸಿಗುತ್ತಿತ್ತು. ಅದನ್ನೇ ಬಿಸಿನೀರಿನಲ್ಲಿ ನಾದಿ, ಹಲಗೆಯ ಮೇಲೆ ಪಟಪಟ ಬಡಿದು, ಊಟದ ತಟ್ಟೆಯಗಲ ಮಾಡುತ್ತಿದ್ದಳು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತು ಒಂದು ತಿಂದು ಹೋಗುತ್ತಿದ್ದರು. ಉಡುಪಿ ಕಡೆಯ ಜಯಂತಿಯಂತೂ ನಿಲ್ಲದೆ ಕುಳಿತೇ ತಿನ್ನುತ್ತಿದ್ದಳು. ಅವಳು ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು, ಮೂರು ಬೀದಿ ದಾಟಿದರೆ ಅವಳ ಮನೆ. ಮುಂದೆ ಮಗಳು ವೃಂದಾ ಹುಟ್ಟಿದಾಗ ಅವಳನ್ನು ಮೂರನೇ ತಿಂಗಳಿಗೇ ಈರವ್ವನ ಕೈಗೆ ಕೊಟ್ಟಳು.

೧೯೮೪ರ ಕೊನೆಯ ಹೊತ್ತಿಗೆ ರೊಟ್ಟಿ ಕೆಡತೊಡಗಿತು. ಒಂದು ಕಡೆ ದಪ್ಪ, ಒಂದು ಕಡೆ ಹರುಕು. ಹಿಟ್ಟಿನದೇ ದೋಷವೆಂದು ಈರವ್ವ ಅಂಗಡಿಯವನ ಹತ್ತಿರ ಕೈಸನ್ನೆಯಲ್ಲೇ ಜಗಳ ತೆಗೆದು ಬಂದಳು. ಹಿಟ್ಟು ಬದಲಿಸಿದರೂ ರೊಟ್ಟಿ ಸರಿಹೋಗಲಿಲ್ಲ. ಆಮೇಲೆ ಜಂಪರಿನ ಹುಕ್ಕುಗಳು. ಬೆರಳುಗಳು ಹುಕ್ಕನ್ನು ಹುಡುಕುತ್ತಿದ್ದವು, ಸಿಕ್ಕರೂ ಸಿಕ್ಕದ್ದು ಗೊತ್ತಾಗುತ್ತಿರಲಿಲ್ಲ. ಕೈಗವಸು ಹಾಕಿಕೊಂಡು ಮುಟ್ಟಿದ ಹಾಗೆ. ಕಾಲೂ ಮೊದಲಿನಂತಿರಲಿಲ್ಲ. ಮೆಟ್ಟಿಲಿಳಿಯುವಾಗ ಮಂಡಿ ಮಡಿಚದೆ ಕೋಲಿನಂತೆ ನಿಲ್ಲುತ್ತಿತ್ತು. ಚಪ್ಪಲಿ ಕಾಲಿನಿಂದ ಕಳಚಿ ಹಿಂದೆಯೇ ಉಳಿದುಬಿಟ್ಟಿದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಕಣ್ಣಿಗೆ ಬಿದ್ದು ತಿಳಿಯುತ್ತಿತ್ತೇ ಹೊರತು ಕಾಲಿಗಲ್ಲ. ತಲೆ ಬಗ್ಗಿಸಿದರೆ ಕತ್ತಿನಿಂದ ನಡುವಿನವರೆಗೆ ಕರೆಂಟು ಹೊಡೆದಂತಾಗುತ್ತಿತ್ತು. ಒಮ್ಮೆ ಬಾರ್ಟ್ ರೈಲಿನಲ್ಲಿ ಕುಳಿತಿದ್ದಾಗ ಬಲಗಾಲಿನ ಪಾದ ತಾನೇ ತಾನಾಗಿ ಹೊಲಿಗೆ ಮಷಿನ್ ತುಳಿಯುವವರ ಹಾಗೆ ಕುಣಿಯತೊಡಗಿತು. ಎದುರಿಗೆ ಕೂತಿದ್ದ ಬಿಳಿಯ ಹೆಂಗಸು ಅದನ್ನೇ ನೋಡುತ್ತಿದ್ದಳು. ಈರವ್ವ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಳು.

ತಮ್ಮನ ಒತ್ತಾಯಕ್ಕೆ ಒಬ್ಬ ಡಾಕ್ಟರ ಬಳಿ ಹೋಗಿದ್ದಳು. ಆತ ಮಂಡಿಯ ಎಕ್ಸ್‌ರೇ ತೆಗೆಸಿ, ಸವೆದಿದೆ ಎಂದು ನೋವಿನ ಗುಳಿಗೆ ಬರೆದುಕೊಟ್ಟ. ಅವಳು ಹೇಳಿದ್ದೂ ಮಂಡಿಯ ಮಾತನ್ನಷ್ಟೇ. ಕೈಯ ಸುದ್ದಿ ಎತ್ತಲಿಲ್ಲ. ಕೈ ಬೇರೆ, ಕಾಲು ಬೇರೆ ಎಂದುಕೊಂಡಿದ್ದಳು. ಅದಕ್ಕಿಂತ ಹೆಚ್ಚಾಗಿ, ಕೈ ಹೋದವಳ ಹತ್ತಿರ ಕೂಸು ಬಿಡುವವರು ಯಾರು ಎಂಬ ಭಯ ಅವಳನ್ನು ಹಿಡಿದಿತ್ತು. ಅವಸರಕ್ಕೆ ಬಚ್ಚಲಿಗೆ ಓಡಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಳು. ಅದನ್ನಂತೂ ಯಾರಿಗೆ ಹೇಳುವುದು? ಹೀಗೆ ಒಂದು ವರ್ಷದ ಮೇಲಾಯಿತು. ಗಿಲ್‌ರಾಯ್‌ನಿಂದ ಸಿದ್ರಾಮಪ್ಪ ಬಂದಾಗ ಅವಳ ಕೈಯಿಂದ ಚಮಚ ಜಾರಿದರೆ, "ಅಕ್ಕಾ, ಈಗೀಗ ನಿನಗ ಭಾಳ ಅವಸರ" ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು.

೧೯೮೬ರ ಫೆಬ್ರವರಿಯ ಒಂದು ಮಧ್ಯಾಹ್ನ ವೃಂದಾಳ ಡೈಪರು ಬದಲಿಸಿ, ಎದೆಗೆತ್ತಿಕೊಂಡು ತಿರುಗಿದಾಗ ಮಗು ಜಾರಿತು. ಜಾರುತ್ತಿದೆಯೆಂದು ಕೈ ಹೇಳಲಿಲ್ಲ. ಎದೆಯ ಬಿಸಿ ಆರಿದಾಗ ತಿಳಿಯಿತು. ಅದೃಷ್ಟಕ್ಕೆ ಕೆಳಗೆ ಸೋಫಾ ಇತ್ತು. ಹತ್ತು ತಿಂಗಳ ಕೂಸು ದಿಂಬಿನ ಮೇಲೆ ಬಿದ್ದು, ಒಂದು ಕ್ಷಣ ದಿಗಿಲಿನಿಂದ ನೋಡಿ, ಅಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ನಕ್ಕುಬಿಟ್ಟಿತು. ನಾಲ್ಕು ವರ್ಷದ ರೂಪಾ ಬಣ್ಣದ ಪೆನ್ಸಿಲು ಹಿಡಿದು ನೆಲದ ಮೇಲೆ ಕೂತಿದ್ದಳು.

"ಆಯಿ, ಯೂ ಡ್ರಾಪ್ಡ್ ಹರ್" ಎಂದಳು.

ಈರವ್ವ ಮಗುವನ್ನು ಮತ್ತೆ ಎತ್ತಲಿಲ್ಲ. ಸೋಫಾದ ಮುಂದೆ ನೆಲಕ್ಕೆ ಕೂತು, ಸಂಜೆಯವರೆಗೂ ಒಂದು ಕೈಯನ್ನು ಅದರ ಹೊಟ್ಟೆಯ ಮೇಲಿಟ್ಟುಕೊಂಡೇ ಇದ್ದಳು.

ಜಯಂತಿ ಬಂದಾಗ ಹೇಳದೆ ಇರಬಹುದಾಗಿತ್ತು. ಮಗುವಿಗೆ ಒಂದು ಗೀರೂ ಆಗಿರಲಿಲ್ಲ, ರೂಪಾಳ ತಾಯಿ ಆಗಲೇ ಅವಳನ್ನು ಕರೆದುಕೊಂಡು ಹೋಗಿದ್ದಳು.

"ಕುಂದರವ್ವಾ ಜಯಂತಿ. ಒಂದು ಮಾತು ಹೇಳಬೇಕು. ಇವತ್ತ ನಿನ್ನ ಕೂಸು ನನ್ನ ಕೈಯಾಗಿಂದ ಜಾರಿ ಬಿತ್ತು."

ಜಯಂತಿ ನಿಂತಲ್ಲೇ ಬೆಳ್ಳಗಾದಳು. "ಎಂತ ಹೇಳ್ತಿದ್ದೀರಿ ಈರಕ್ಕ? ಎಲ್ಲಿಗೆ ಬಿದ್ದಳು? ತಲೆಗೆ ತಾಗಿತಾ?"

"ಸೋಫಾದ ಮ್ಯಾಲ. ಏನೂ ಆಗಿಲ್ಲ, ನೀನ ನೋಡ. ಆದ್ರ ನಾಳಿಂದ ಕರಕೊಂಡು ಬರಬ್ಯಾಡ. ಉಳಿದವರಿಗೂ ಇವತ್ತ ಫೋನ್ ಮಾಡಿ ಹೇಳತೀನಿ. ನನ್ನ ಕೈ ನನ್ನ ಮಾತು ಕೇಳವಲ್ದು."

ಜಯಂತಿ ಮಗುವಿನ ತಲೆ, ಬೆನ್ನು, ಕೈಕಾಲು ಎಲ್ಲ ಸವರಿ ನೋಡಿದಳು. ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ. "ಯಾವತ್ತಿನಿಂದ ಹೀಗೆ?" ಎಂದು ಕೇಳಿದಳು.

"ವರ್ಷದ ಮ್ಯಾಲ ಆತು."

"ವರ್ಷದಿಂದ! ಮತ್ತೆ ಯಾಕೆ ಹೇಳಲಿಲ್ಲ ನೀವು?"

ಈರವ್ವ ಡೈಪರಿನ ಚೀಲ ತಂದು ಅವಳ ಮುಂದಿಟ್ಟಳು. ಜಯಂತಿ ಮಗುವನ್ನೆತ್ತಿಕೊಂಡು ಇಳಿದು ಹೋದಳು. ಮೂರು ದಿನ ಯಾರೂ ಬರಲಿಲ್ಲ. ಕೂಸು ಮಲಗುವ ಕ್ರಿಬ್ಬು ಖಾಲಿ, ಆಟಿಕೆಯ ಬುಟ್ಟಿ ಮುಚ್ಚಿಯೇ ಇತ್ತು. ನಾಲ್ಕನೆಯ ದಿನ ಬಾಗಿಲು ತಟ್ಟಿದ್ದು ಜಯಂತಿ, ಒಬ್ಬಳೇ. ಗಂಡ ವೈಕುಂಠನ ಕಂಪನಿಯವರ ಮೂಲಕ ನರರೋಗದ ಡಾಕ್ಟರೊಬ್ಬರ ಅಪಾಯಿಂಟ್‌ಮೆಂಟು ಹಿಡಿದಿದ್ದಳು, ಬ್ಯಾಂಕಿಗೆ ರಜೆ ಹಾಕಿದ್ದಳು.

"ಹೊರಡಿ. ಈ ಸಲ ಎಲ್ಲಾ ಹೇಳಬೇಕು. ನೀವು ಬಿಟ್ಟರೆ ನಾನು ಹೇಳ್ತೇನೆ" ಎಂದಳು.

ಡಾಕ್ಟರು ಅರವತ್ತರ ಹತ್ತಿರದ ಹೆಂಗಸು, ನರೆತ ಕೂದಲನ್ನು ತುಂಡಾಗಿ ಕತ್ತರಿಸಿಕೊಂಡಿದ್ದರು. ಕೈ, ಕಾಲು, ಕತ್ತಿನ ಕರೆಂಟು, ಕೊನೆಗೆ ಬಚ್ಚಲಿನ ಅವಸರ, ಒಂದೊಂದನ್ನೂ ಜಯಂತಿ ಕೇಳಿ ಕೇಳಿ ಇಂಗ್ಲಿಷಿಗೆ ತಿರುಗಿಸಿದಳು. ಆಮೇಲೆ ಡಾಕ್ಟರು ಈರವ್ವನನ್ನು ಎತ್ತರದ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ರಬ್ಬರಿನ ಸುತ್ತಿಗೆಯಿಂದ ಮಂಡಿಯ ಕೆಳಗೆ ಮೆತ್ತಗೆ ತಟ್ಟಿದರು. ಕಾಲು ಚಂಗನೆ ಮೇಲೆದ್ದು ಒದೆಯಿತು. ಡಾಕ್ಟರು ಪಕ್ಕಕ್ಕೆ ಸರಿಯದಿದ್ದರೆ ಅವರ ಮೊಣಕೈಗೇ ಬೀಳುತ್ತಿತ್ತು. ಇನ್ನೊಂದು ಕಾಲೂ ಹಾಗೆಯೇ.

ಈರವ್ವನ ಮುಖ ಅರಳಿತು. "ನೋಡಿದ್ಯಾ? ಇನ್ನೂ ಕಸುವೈತಿ!"

ಡಾಕ್ಟರು ನಗಲಿಲ್ಲ. ಪಾದವನ್ನು ಹಿಡಿದು ಗಕ್ಕನೆ ಮೇಲಕ್ಕೆ ಒತ್ತಿದರು. ಅದು ಅವರ ಅಂಗೈಯಲ್ಲೇ ಟಕಟಕ ಕುಣಿಯತೊಡಗಿತು, ರೈಲಿನಲ್ಲಿ ಕುಣಿದಂತೆಯೇ. ಕೀಲಿಕೈಯ ತುದಿಯಿಂದ ಅಂಗಾಲಿನ ಮೇಲೆ ಒಂದು ಗೆರೆ ಎಳೆದಾಗ ಹೆಬ್ಬೆರಳು ಕೆಳಗೆ ಮಡಿಚುವ ಬದಲು ಮೇಲಕ್ಕೆದ್ದಿತು. ಕಣ್ಣು ಮುಚ್ಚಿ ನಿಲ್ಲಿ ಎಂದರು. ಮುಚ್ಚಿದ ಕೂಡಲೇ ಈರವ್ವ ತೂಗಿ ಒಂದು ಪಕ್ಕಕ್ಕೆ ವಾಲಿದಳು, ಜಯಂತಿ ತೋಳು ಹಿಡಿದಳು.

ಡಾಕ್ಟರು ಕಾಗದದ ಮೇಲೆ ತಲೆ, ಬೆನ್ನು, ಕಾಲಿನ ಚಿತ್ರ ಬರೆದು ತುಂಬಾ ಹೊತ್ತು ವಿವರಿಸಿದರು. ಜಯಂತಿ ಕೇಳಿಸಿಕೊಂಡು, ತಾನೇ ಒಮ್ಮೆ ಪೂರಾ ಅರ್ಥ ಮಾಡಿಕೊಂಡು ಈರವ್ವನ ಕಡೆ ತಿರುಗಿದಳು.

"ಈರಕ್ಕ, ಕಾಲು ಜೋರಾಗಿ ಒದ್ದದ್ದೇ ತೊಂದರೆ ಅಂತೆ."

"ಅದ್ಹೆಂಗ?"

"ಮಂಡಿಗೆ ತಟ್ಟಿದರೆ ಸುದ್ದಿ ಬೆನ್ನುಹುರಿಗೆ ಹೋಗ್ತದೆ. ಅಲ್ಲಿಂದಲೇ ಕಾಲಿಗೆ ಒದಿ ಅಂತ ಅಪ್ಪಣೆ ಬರ್ತದೆ. ಮೆದುಳನ್ನು ಕೇಳುವುದೇ ಇಲ್ಲ. ಬಿಸಿ ಪಾತ್ರೆ ಮುಟ್ಟಿದಾಗ ಯೋಚನೆ ಮಾಡುವ ಮೊದಲೇ ಕೈ ತೆಗೀತೇವಲ್ಲ, ಅದೂ ಹಾಗೆಯೇ ಅಂತೆ. ಅಷ್ಟು ಎಲ್ಲರಿಗೂ ಉಂಟು. ಆದರೆ ಮೆದುಳು ಮೇಲಿಂದ, ಜಾಸ್ತಿ ಜೋರು ಬೇಡ ಅಂತ ಯಾವಾಗಲೂ ಸ್ವಲ್ಪ ಹಿಡಿದಿಟ್ಟುಕೊಳ್ತದೆ. ನಿಮ್ಮ ಕತ್ತಿನ ಹತ್ತಿರ ಹುರಿಯನ್ನು ಏನೋ ಒತ್ತಿದೆ. ಮೇಲಿನ ಮಾತು ಕೆಳಗೆ ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೆ ಕಾಲು ತನಗೆ ಬೇಕಾದ ಹಾಗೆ ಒದೀತದೆ, ನೀವು ಹೇಳಿದ ಹಾಗೆ ನಡೆಯುವುದಿಲ್ಲ. ಕೈಯೂ ಅದರಿಂದಲೇ. ಮಂಡಿಯದ್ದು ಅಲ್ಲವೇ ಅಲ್ಲ."

ಈರವ್ವ ಚಿತ್ರದ ಮೇಲೆ ತಲೆಯಿಂದ ಕಾಲಿನವರೆಗೆ ಬೆರಳೆಳೆದು ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ತಿಳೀತು. ನಾ ಅಡಗಿಮನ್ಯಾಗ ಹೋದ್ರ ಹುಡುಗ್ರು ಕುಣದಾಡತಾವಲ್ಲ, ಹಂಗ. ಹೊರಗ ದೊಡ್ಡವರು ಯಾರೂ ಇಲ್ಲ ಅಂತ."

ಜಯಂತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಈರವ್ವನ ಕೈ ಹಿಡಿದುಕೊಂಡರು.

ಪರೀಕ್ಷೆಗಳಾದವು. ನಡುವಿನಿಂದ ಬೆನ್ನಿಗೆ ಬಣ್ಣದ ಔಷಧಿ ಹಾಕಿ ಚಿತ್ರ ತೆಗೆದರು. ಅದರ ತಲೆನೋವು ಎರಡು ದಿನ ಕಾಡಿತು. ಕತ್ತಿನ ಎಲುಬುಗಳು ಸವೆದು, ಅಂಚಿನಲ್ಲಿ ಮುಳ್ಳಿನಂತೆ ಬೆಳೆದು, ನಡುವಿನ ಮೆತ್ತೆಗಳು ಹೊರಚಾಚಿ, ಹುರಿ ಇರುವ ದಾರಿಯೇ ಇಕ್ಕಟ್ಟಾಗಿತ್ತು. ವಯಸ್ಸಾದಂತೆ ಬಹಳ ಜನಕ್ಕೆ ಕತ್ತಿನ ಎಲುಬು ಹೀಗೆ ಸವೆಯುತ್ತದೆ, ಕೆಲವರಿಗೆ ಮಾತ್ರ ಹುರಿಗೆ ಒತ್ತುತ್ತದೆ ಎಂದರು. ಆಪರೇಷನ್ ಮಾಡಿ, ಹಿಂದಿನಿಂದ ಎಲುಬಿನ ಕಮಾನುಗಳನ್ನು ತೆಗೆದು ಹುರಿಗೆ ಜಾಗ ಮಾಡಬಹುದು. ಹೋದದ್ದೆಲ್ಲ ಮರಳಿ ಬರುತ್ತದೆಂಬ ಭರವಸೆ ಕೊಡಲಾಗದು. ಇನ್ನಷ್ಟು ಹೋಗದಂತೆ ತಡೆಯುವುದೇ ಮುಖ್ಯ ಎಂದರು.

ಸಿದ್ರಾಮಪ್ಪ ಓಡಿ ಬಂದ. ಅವನಿಗೆ ಒಪ್ಪಿಗೆಯಿರಲಿಲ್ಲ. "ಬ್ಯಾಡ ಅಕ್ಕಾ. ಕತ್ತಿನಾಗ ಕೈ ಹಾಕ್ತಾರ. ಏನರ ಆದ್ರ ಪೂರಾ ಮಲಗಿಬಿಡತಿ. ನಮ್ಮ ಮನಿಗೆ ಬಾ, ಗಾಲಿಕುರ್ಚಿ ತರೂಣು, ನಾ ನೋಡ್ಕೊತೀನಿ."

"ಮಾಡಸದಿದ್ರ ಏನಾಗತೈತಿ ಅಂತ ಕೇಳಿದ್ಯಾ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಡಾಕ್ಟರಿಗೆ ನಾ ಕೇಳೀನಿ. ಇವತ್ತ ಕೂಸು ಜಾರಿತು, ನಾಳೆ ನಾನ ಜಾರತೀನಿ. ಇದ್ದದ್ದು ಇದ್ದಷ್ಟು ಉಳದ್ರ ಸಾಕು ನನಗ."

"ಚಮಚ ಬಿದ್ದಾಗ ನಾ ನಕ್ಕೆ ಅಕ್ಕಾ" ಎಂದ ಸಿದ್ರಾಮಪ್ಪ. "ನಾ ಎಂಜಿನಿಯರು. ಸೇತುವಿ ಒಳಗ ಒಂದು ಬಿರುಕು ಬಿಟ್ರ ಕಾಣತೈತಿ ನಂಗ. ಮನೀ ಮಂದಿದು ಕಾಣಲಿಲ್ಲ."

"ನಾ ಮುಚ್ಚಿಟ್ರ ನಿಂಗ ಹೆಂಗ ಕಾಣಬೇಕೋ?" ಎಂದಳು ಈರವ್ವ.

ಏಪ್ರಿಲಿನಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ಕತ್ತಿಗೆ ಗಟ್ಟಿ ಪಟ್ಟಿ, ಕಾಲುಗಳು ಮೊದಲಿಗಿಂತಲೂ ಭಾರ. ಹುರಿ ಊದಿಕೊಂಡಿದೆ, ಕೆಲ ದಿನ ಹೀಗಿರಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಹೇಳಿದ್ದನ್ನು ಕೇಳುವುದೇ ಬೇರೆ, ಎದ್ದೇಳು ಎಂದು ಕಾಲಿಗೆ ಹೇಳಿ ಅದು ಮಿಸುಕದೆ ಬಿದ್ದಿರುವುದನ್ನು ನೋಡುವುದೇ ಬೇರೆ. ಈರವ್ವ ಗೋಡೆಯ ಕಡೆ ನೋಡುತ್ತ ಮಲಗಿದಳು. ಜಯಂತಿ ತಂದ ಗಂಜಿಯನ್ನೂ ಸರಿಯಾಗಿ ಕುಡಿಯಲಿಲ್ಲ.

ನಾಲ್ಕನೆಯ ಬೆಳಿಗ್ಗೆ ನರ್ಸು ಹೊದಿಕೆ ಎಳೆದಳು. ತಣ್ಣನೆಯ ಗಾಳಿ ತಗುಲಿದ್ದೇ ತಡ, ಎರಡೂ ಕಾಲುಗಳು ಮಂಡಿ ಮಡಿಚಿ ಸರ್ರನೆ ಹೊಟ್ಟೆಯ ಕಡೆ ಎದ್ದವು. ಮಂಚದ ಪಕ್ಕದಲ್ಲಿದ್ದ ಸಿದ್ರಾಮಪ್ಪ ಕುರ್ಚಿಯಿಂದ ಜಿಗಿದೆದ್ದ.

"ಅಕ್ಕಾ! ಕಾಲು ಎತ್ತಿದಿ! ಎರಡೂ ಎತ್ತಿದಿ!"

ಅವನ ಕಣ್ಣಲ್ಲಿ ನೀರಿತ್ತು. ಈರವ್ವನಿಗೆ ಹೂಂ ಎಂದುಬಿಡುವುದು ಸುಲಭವಿತ್ತು.

"ನಾ ಎತ್ತಲಿಲ್ಲೋ ತಮ್ಮಾ. ತಾವ ಎದ್ದವು. ನನ್ನ ಕೇಳಲಿಲ್ಲ" ಎಂದಳು. ಆಪರೇಷನ್ ಆದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳುವಾಗ ಕತ್ತಿನ ಪಟ್ಟಿ ಗದ್ದಕ್ಕೆ ಒತ್ತುತ್ತಿತ್ತು. ಸಿದ್ರಾಮಪ್ಪ ಹೊದಿಕೆಯನ್ನು ಮತ್ತೆ ಹೊದಿಸಿ, ಕಾಲುಗಳು ಸಡಿಲಾಗುವವರೆಗೆ ಮಂಡಿಯ ಮೇಲೆ ಕೈಯಿಟ್ಟು ನಿಂತ.

ಅದಾಗಿ ಒಂಬತ್ತು ದಿನಕ್ಕೆ, ಯಾರೂ ಮುಟ್ಟದಿದ್ದಾಗ, ಹೊದಿಕೆಯೂ ಸರಿದಿರದಿದ್ದಾಗ, ಈರವ್ವ ಬಲಗಾಲಿನ ಹೆಬ್ಬೆರಳನ್ನು ನೋಡುತ್ತ ಬಾ ಎಂದಳು. ಅದು ಬಂತು. ಒಂದು ಅಕ್ಕಿಕಾಳಿನಷ್ಟು. ನಿಲ್ಲು ಎಂದಳು, ನಿಂತಿತು. ಮತ್ತೆ ಕರೆದಳು. ಸಂಜೆ ಸಿದ್ರಾಮಪ್ಪ ಬಾಗಿಲಲ್ಲಿ ಕಾಣಿಸಿದಾಗ, "ಬಾ ಇಲ್ಲಿ. ಈಗ ನೋಡ. ಇದು ನಾ ಮಾಡಿದ್ದು" ಎಂದಳು. ಅವನಿಗೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಬೇಕಾಯಿತು. ಈ ಸಲ ಅವನು ಕೂಗಲಿಲ್ಲ. ಮೂರು ಸಲ ಮಾಡಿಸಿ ನೋಡಿ, ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ.

ಅಲ್ಲಿಂದ ಎರಡು ತಿಂಗಳು ಆಸ್ಪತ್ರೆಯಲ್ಲೇ ವ್ಯಾಯಾಮದ ಕೆಲಸ. ಕೈಯ ವ್ಯಾಯಾಮ ಕಲಿಸುವವಳು ತೆರೆಸಿತಾ ಎಂಬ ಫಿಲಿಪೀನ್ಸಿನ ಹೆಂಗಸು, ಬಹಳ ಕಟ್ಟುನಿಟ್ಟು. ರಬ್ಬರಿನಂಥ ನೀಲಿ ಮುದ್ದೆಯೊಂದನ್ನು ಕೊಟ್ಟು ಹಿಸುಕು ಎನ್ನುತ್ತಿದ್ದಳು. ಈರವ್ವ ಎರಡು ದಿನ ಹಿಸುಕಿ, ಮೂರನೆಯ ದಿನ ಜಯಂತಿಗೆ, "ಇದು ಹಿಟ್ಟೂ ಅಲ್ಲ, ಮಣ್ಣೂ ಅಲ್ಲ. ಬಡದ್ರ ಅಗಲ ಆಗೂದಿಲ್ಲ. ಅಂಗಡ್ಯಾಗಿಂದ ಹಿಟ್ಟು ತಂದುಕೊಡವ್ವಾ" ಎಂದಳು. ಜಯಂತಿ ಬಿಸಿನೀರಿನಲ್ಲಿ ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ತೆರೆಸಿತಾ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ತಾನೇ ಒಂದು ಹಲಗೆ ಹುಡುಕಿ ತಂದಳು. ಮೊದಲ ದಿನದ್ದು ಅಂಗೈಯಗಲವೂ ಆಗಲಿಲ್ಲ, ನಾಲ್ಕು ಕಡೆ ಹರಿದಿತ್ತು. ಈರವ್ವ ಬೆವೆತು ಸುಸ್ತಾಗಿ ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದಳು.

ಜುಲೈನಲ್ಲಿ ಅವಳು ಮನೆಗೆ ಮರಳಿದಳು. ಗಿಲ್‌ರಾಯ್‌ಗಲ್ಲ. ಅದೇ ಕಟ್ಟಡದಲ್ಲಿ ಕೆಳಗಿನ ಮನೆಯೊಂದು ಖಾಲಿಯಾಗಿತ್ತು. ಸಿದ್ರಾಮಪ್ಪನೇ ಅಳತೆ ತೆಗೆದು ಬಚ್ಚಲಿಗೆ ಹಿಡಿಕೆಗಳನ್ನು ಕೂರಿಸಿಕೊಟ್ಟ. ಕೈ ಬಹುಪಾಲು ಬಂದಿತ್ತು; ಸಣ್ಣ ಕೆಲಸಕ್ಕೆ ಮಾತ್ರ ತಡವಾಗುತ್ತಿತ್ತು. ಬಚ್ಚಲಿನ ಅವಸರವೂ ಇಳಿದಿತ್ತು. ಕಾಲುಗಳ ಬಿಗುವು ಹೋಗಲೇ ಇಲ್ಲ. ಮೊದಲು ನಾಲ್ಕು ಕಾಲಿನ ವಾಕರು, ವರ್ಷದ ಮೇಲೆ ಊರುಗೋಲು. ಕೆಲವೊಮ್ಮೆ ಕೂತಲ್ಲೇ ಕಾಲು ಒದೆದುಕೊಂಡರೆ ಮಕ್ಕಳು ನಗುತ್ತಿದ್ದರು, ಅವಳು "ಅದಕ್ಕ ಬುದ್ಧಿ ಹೇಳ್ರಿ" ಎನ್ನುತ್ತಿದ್ದಳು.

ಮಕ್ಕಳು ಮತ್ತೆ ಬಂದಿದ್ದರು, ಆದರೆ ಅವಳ ಷರತ್ತಿನ ಮೇಲೆ. ಎತ್ತಿಕೊಳ್ಳಬೇಕಾದ ಕೂಸುಗಳನ್ನು ಅವಳು ಇನ್ನು ಒಪ್ಪಲಿಲ್ಲ. ಶಾಲೆ ಬಿಟ್ಟ ಮೇಲೆ ತಾವೇ ನಡೆದು ಬರುವ, ತಾವೇ ಕೈ ತೊಳೆದುಕೊಂಡು ಉಣ್ಣುವ ಮಕ್ಕಳು ಮಾತ್ರ. ಹೊಸಬರು ಯಾರಾದರೂ ಕೂಸನ್ನು ತಂದು ಒಂದು ತಿಂಗಳಾದರೂ ನೋಡಿಕೊಳ್ಳಿ ಎಂದು ಬೇಡಿಕೊಂಡರೆ, ಮಗುವಿನ ಕೆನ್ನೆ ಸವರಿ, ಇಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಅಂಥ ದಿನ ಸಂಜೆ ಅವಳ ಮಾತು ಕಡಿಮೆಯಾಗಿರುತ್ತಿತ್ತು.

೧೯೮೮ರ ಫೆಬ್ರವರಿಯ ಒಂದು ಶನಿವಾರ ಜಯಂತಿ ಅವಳನ್ನು ಊಟಕ್ಕೆ ಕರೆದಳು. ನಡೆದೇ ಬರುತ್ತೇನೆ ಎಂದಳು ಈರವ್ವ. ಹನ್ನೊಂದೂವರೆಗೆ ಹೊರಟವಳು ಹನ್ನೆರಡಾದರೂ ಕಾಣಲಿಲ್ಲ. ವೈಕುಂಠ ಕಾರಿನ ಕೀಲಿಕೈ ತೆಗೆದುಕೊಂಡ.

"ಬೇಡ ಮಾರಾಯ್ರೆ, ಬೈಸಿಕೊಳ್ತೀರಿ" ಎಂದು ಜಯಂತಿ ತಡೆದು ಕಿಟಕಿಯ ಬಳಿ ನಿಂತಳು.

ಬೀದಿಯ ಎರಡೂ ಬದಿಯ ಪ್ಲಮ್ ಮರಗಳು ಹೂ ಬಿಟ್ಟಿದ್ದವು. ಕೊನೆಯ ತಿರುವಿನಲ್ಲಿ ಕಂದು ಸೀರೆ, ಅದರ ಮೇಲೆ ಸಿದ್ರಾಮಪ್ಪನ ಹಳೆಯ ಕೋಟು, ಊರುಗೋಲು ಕಂಡವು. ಒಂದು ಮರದವರೆಗೆ ನಡೆದು, ಕಾಂಡಕ್ಕೆ ಕೈಕೊಟ್ಟು ನಿಂತು, ಮತ್ತೆ ಮುಂದಿನ ಮರಕ್ಕೆ. ಪ್ರತಿ ಹೆಜ್ಜೆಗೂ ಮೊದಲು ತಲೆ ಬಗ್ಗಿಸಿ ಪಾದ ನೋಡಿಕೊಳ್ಳುತ್ತಿದ್ದಳು. ಅಂಚೆಯವನು ಗಾಡಿ ನಿಲ್ಲಿಸಿ ಏನೋ ಕೇಳಿದ. ಈರವ್ವ ಕೋಲೆತ್ತಿ, ಮುಂದೆ ಹೋಗು ಎಂದು ಸನ್ನೆ ಮಾಡಿದಳು. ಜಯಂತಿ ಮರಗಳನ್ನು ಎಣಿಸುತ್ತಿದ್ದಳು. ಇನ್ನು ಎರಡು ಉಳಿದಿರುವಾಗ ವೃಂದಾ ಬಾಗಿಲು ತೆರೆದು ಓಡಿದಳು, ಅವಳನ್ನು ತಡೆಯಲಾಗಲಿಲ್ಲ.

"ಆಯಿ, ವಾಟ್ ಟುಕ್ ಯೂ ಸೋ ಲಾಂಗ್?"

"ದಾರಿ ಉದ್ದ ಇತ್ತವ್ವಾ" ಎಂದು ಈರವ್ವ ಏದುತ್ತ ಒಳಗೆ ಬಂದಳು. ಹಣೆಯ ಮೇಲೆ ಬೆವರಿತ್ತು, ಕೋಟಿನ ಹೆಗಲ ಮೇಲೆ ನಾಲ್ಕು ಎಸಳು. "ಮೊದಲ ಕುರ್ಚಿ ಕೊಡ ಜಯಂತಿ, ಮಾತು ಆಮ್ಯಾಲ. ಒಂದು ಚರಿಗಿ ನೀರೂ ಕೊಡ, ತುಂಬ ಕೊಡ."